ಹಿಂದಿನ ಕೋಣೆಯ ಧೂಳು

ಮುನವಳ್ಳಿಯ ದಿಗಂಬರ ಭಟ್ಟರು ಊಟದ ತಾಟಿನ ಮುಂದಿನಿಂದ ಅರ್ಧಕ್ಕೇ ಎದ್ದದ್ದು ಅದೇ ಮೊದಲು. ಅನ್ನದ ಮೇಲೆ ತವ್ವೆ ಹಾಕಿಸಿಕೊಂಡು, ತುಪ್ಪ ಬಡಿಸಿಕೊಂಡು, ಇನ್ನೇನು ಕಲಸಬೇಕು ಅನ್ನುವಾಗ ತಾಟನ್ನು ಬೆಳಕಿನ ಕಡೆ ತಿರುಗಿಸಿ ನೋಡಿದರು. ತುಪ್ಪದ ಮೇಲೆ ಹಿಟ್ಟಿನಂಥ ತೆಳ್ಳನೆಯ ಪದರು ಕೂತಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದರು.

"ಸಾಗವಾನಿ," ಅಂದು ಕೈ ತೊಳೆದುಕೊಂಡರು.

ಅವರ ಹೆಂಡತಿ ಯಮುನಾಬಾಯಿ ಮಗನ ಕಡೆ ನೋಡಲಿಲ್ಲ, ಸೊಸೆಯ ಕಡೆ ನೋಡಿದರು. ಅನ್ನದ ಪಾತ್ರೆಯ ಮುಚ್ಚಳ ತೆಗೆದಿಟ್ಟವರು ಯಾರು ಎಂದು ಕೇಳಿದರು. ಶರ್ವರಿ ತಾನೇ ಎಂದಳು. ಭಾರ್ಗವ ತಲೆ ಬಗ್ಗಿಸಿ ಉಣ್ಣುತ್ತಲೇ ಇದ್ದ. ಅವನ ತಾಟಿನಲ್ಲೂ ಅದೇ ಧೂಳಿತ್ತು. ಅವನಿಗೆ ಅದು ರೂಢಿಯಾಗಿತ್ತು.

ಭಾರ್ಗವ ಬೆಳಗಾವಿಯ ಒಂದು ಫರ್ನಿಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಕೊರೊನಾ ವರ್ಷ ಆ ಅಂಗಡಿ ಮುಚ್ಚಿತು. ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಊರಿಗೆ ಬಂದು, ಮನೆಯ ಬಲಗಡೆಗಿದ್ದ ಉದ್ದನೆಯ ಕೋಣೆಯಲ್ಲಿ ಒಂದು ಕೊಯ್ಯುವ ಮಷಿನ್ ಹಾಕಿದ. ದೇವರ ಮಂಟಪ ಮಾಡತೊಡಗಿದ. ಬೇರೆ ಏನೂ ಮಾಡಲಿಲ್ಲ, ಬೇಕಾಗಲೂ ಇಲ್ಲ. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆ ಹೊಸ ಮನೆಗಳು ಏಳುತ್ತಿದ್ದವು. ಗೃಹಪ್ರವೇಶಕ್ಕೆ ಭಟ್ಟರನ್ನು ಕರೆಯುತ್ತಿದ್ದರು. ಭಟ್ಟರು ವಾಸ್ತುಹೋಮದ ಸಾಮಾನಿನ ಯಾದಿ ಹೇಳುವಾಗಲೇ ಮಂಟಪದ ಮಾತೂ ಎತ್ತುತ್ತಿದ್ದರು. ತಂದೆ ಮಂತ್ರ ಹೇಳುವ ಮನೆಯಲ್ಲಿ ಮಗನ ಮಂಟಪ ಇರುವುದು ಜನರಿಗೂ ಚಲೋ ಅನ್ನಿಸುತ್ತಿತ್ತು. ಭಾರ್ಗವನ ಮಗ ಕೌಶಿಕನನ್ನು ಧಾರವಾಡದ ಹಾಸ್ಟೆಲಿಗೆ ಹಾಕುವಷ್ಟು ಮಟ್ಟಿಗೆ ಕೆಲಸ ಕುದುರಿತು.

ಮಂಟಪದ ಕೆಲಸದಲ್ಲಿ ಕೊಯ್ಯುವುದು, ಜೋಡಿಸುವುದು ಬೇಗ ಮುಗಿಯುತ್ತದೆ. ಉಜ್ಜುವುದು ಮುಗಿಯುವುದಿಲ್ಲ. ದೊಡ್ಡ ಕೋಣೆಯ ಹಿಂದೆ, ನಡುವೆ ಒಂದೇ ಗೋಡೆ ಬಿಟ್ಟು, ಸಣ್ಣ ಕೋಣೆಯೊಂದಿತ್ತು. ಅಲ್ಲಿ ಮುರಗೋಡದ ಸುನೀಲ ಎಂಬವನು ಕೂತು ಪಾಲಿಶ್ ಕಾಗದ ಹಾಕಿ ಉಜ್ಜುತ್ತಿದ್ದ. ಯುಗಾದಿ ಮುಗಿದ ಮೇಲೆ ಅವನು ಎದೆ ಹಿಡಿಯುತ್ತದೆ ಎಂದು ಹೇಳಿ ಟ್ರ್ಯಾಕ್ಟರ್ ಓಡಿಸಲು ಹೋದ. ಹೊಸಬ ಸಿಗುವ ತನಕ ಎಂದು ಶರ್ವರಿ ಆ ಜಾಗದಲ್ಲಿ ಕೂತಳು. ಆಮೇಲೆ ಹೊಸಬನನ್ನು ಯಾರೂ ಹುಡುಕಲಿಲ್ಲ.

ಕೂತವಳಿಗೆ ಕೆಲಸ ಹಿಡಿಸಿತು ಎಂಬುದೂ ನಿಜ. ಒರಟು ಕಾಗದದಿಂದ ಶುರುಮಾಡಿ ನಯವಾದ ಕಾಗದಕ್ಕೆ ಬರುವಾಗ ಹಲಗೆಯೊಳಗಿನ ಗೆರೆಗಳು ಒಂದೊಂದೇ ಮೇಲೆ ಬರುತ್ತಿದ್ದವು. ಅಡಿಗೆ ಉಂಡ ಮೇಲೆ ಇರುವುದಿಲ್ಲ, ಒರೆಸಿದ ನೆಲ ಸಂಜೆಗೆ ಮತ್ತೆ ಹೊಲಸಾಗುತ್ತದೆ. ಇದು ಹಾಗಲ್ಲ, ಇನ್ನೊಬ್ಬರ ಮನೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ರಾಮದುರ್ಗದವರೊಬ್ಬರು ಮಂಟಪದ ಮೇಲೆ ಕೈಯಾಡಿಸಿ, ಇಂಥ ನುಣುಪು ಕೊಲ್ಹಾಪುರದಲ್ಲೂ ಸಿಗಲಿಲ್ಲ ಎಂದಾಗ ಭಾರ್ಗವ "ನಮ್ಮ ಮನಿಯಾಕಿ ಕೈರಿ" ಅಂದಿದ್ದ. ಅವಳು ಒಳಗಿನಿಂದ ಕೇಳಿಸಿಕೊಂಡಿದ್ದಳು.

ಊಟದಿಂದ ಎದ್ದ ದಿನ ಸಂಜೆ ಭಟ್ಟರು ಮಗನನ್ನು ಕೂರಿಸಿಕೊಂಡು ಮಾತಾಡಿದರು. ಅನ್ನದಲ್ಲಿ ಧೂಳು ಬರುತ್ತದೆ, ದೇವರ ಪೆಟ್ಟಿಗೆಯ ಮೇಲೆ ಧೂಳು ಕೂರುತ್ತದೆ, ಹೋದ ವಾರ ಸವದತ್ತಿಯ ಹೋಮದಲ್ಲಿ ಅವರ ಗಂಟಲು ಕಟ್ಟಿ ನಾಲ್ಕು ಜನರ ಮುಂದೆ ಕೆಮ್ಮಬೇಕಾಯಿತು. ಗಂಟಲು ಹೋದರೆ ತನ್ನಲ್ಲಿ ಉಳಿಯುವುದೇನು ಎಂದು ಕೇಳಿದರು. ಧೂಳು ಎಳೆಯುವ ಮಷಿನ್ ಬರುತ್ತದೆ, ಹುಬ್ಬಳ್ಳಿಯಲ್ಲಿ ಸಿಗುತ್ತದೆ ಎಂದು ಭಾರ್ಗವ ಹೇಳಿದ. ಹಾಗಾದರೆ ತಂದು ಹಾಕು ಎಂದರು.

ಹುಬ್ಬಳ್ಳಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಅಂಗಡಿಯಲ್ಲಿ ಎರಡು ನಮೂನೆಯವು ಇದ್ದವು. ಎರಡಕ್ಕೂ ಕೆಳಗೆ ಪ್ಲಾಸ್ಟಿಕ್ ಚೀಲ, ಪಕ್ಕಕ್ಕೆ ಮೋಟರು. ಒಂದಕ್ಕೆ ಮೇಲೆ ಬಟ್ಟೆಯ ಚೀಲ, ಇನ್ನೊಂದಕ್ಕೆ ಮಡಿಕೆ ಮಡಿಕೆಯಾಗಿದ್ದ ಕಾಗದದ ಫಿಲ್ಟರಿನ ದೊಡ್ಡ ಡಬ್ಬಿ. ಅಂಗಡಿಯವನು ಎರಡನ್ನೂ ಚಾಲೂ ಮಾಡಿ, ಪೈಪಿನ ಬಾಯಿಗೆ ಒಂದೊಂದು ಹಿಡಿ ನಯವಾದ ಹೊಟ್ಟು ಹಿಡಿದ. ಬಟ್ಟೆಚೀಲ ಉಬ್ಬಿ, ಅದರ ಮೈಯಿಂದ ಹೊಗೆಯ ಹಾಗೆ ಏನೋ ಹೊರಬಂದು ಬಾಗಿಲ ಬಿಸಿಲಿನಲ್ಲಿ ತೇಲಿತು. ಫಿಲ್ಟರಿನದರಿಂದ ಏನೂ ಬರಲಿಲ್ಲ.

"ಕಟ್ಟಿಗಿ ಚಕ್ಕಿ ಜಗ್ಗಾಕ ಬಟ್ಟೀದ ಸಾಕ್ರಿ," ಎಂದ ಅಂಗಡಿಯವ. "ಸಣ್ಣ ಧೂಳ ಮಾತ್ರ ಅದರಾಗ ನಿಲ್ಲಂಗಿಲ್ಲ. ಹೊರಗ ಇಟ್ರ ನಡೀತೈತಿ. ಮನಿ ಒಳಗ ಇಡೋರಿದ್ರ ಫಿಲ್ಟರಿಂದ ಒಯ್ರಿ."

"ಫಿಲ್ಟರಿಂದಽ ತಗೊಳ್ರಿ," ಎಂದಳು ಶರ್ವರಿ.

ಭಾರ್ಗವ ಹೊರಗೆ ಹೋಗಿ ತಂದೆಗೆ ಫೋನು ಮಾಡಿದ. ಬಂದವನು ಬಟ್ಟೆಚೀಲದ್ದೇ ಸಾಕು ಎಂದ. ಉಳಿದ ಹಣದಲ್ಲಿ ಬಳ್ಳಿ ಕೆತ್ತುವ ಕೈಮಷಿನ್ ಒಂದು ತೆಗೆದುಕೊಂಡ. ಬಳ್ಳಿಯ ಕೆತ್ತನೆ ಇದ್ದ ಮಂಟಪವನ್ನು ಜನ ಹೆಚ್ಚು ಕೇಳುತ್ತಿದ್ದರು. ಬಳ್ಳಿಯ ಸಂದಿಗಳಲ್ಲಿ ಕಾಗದ ಮಡಿಚಿ ಬೆರಳಿನಿಂದಲೇ ಉಜ್ಜಬೇಕಾಗುತ್ತದೆ ಎಂದು ಶರ್ವರಿಗೆ ಅಂಗಡಿಯಲ್ಲಿ ನಿಂತಾಗಲೇ ಹೊಳೆಯಿತು. ಬಸ್ಸಿನಲ್ಲಿ ಬರುವಾಗ ಅವಳು ಅದನ್ನೇ ಅಂದಳು. ಭಾರ್ಗವ, ಎಲ್ಲಾನೂ ಒಮ್ಮೆಲೆ ಆಗೂದಿಲ್ಲ ಎಂದು ಹೇಳಿ ಕಣ್ಣು ಮುಚ್ಚಿದ.

ಮಷಿನ್ ಟೆಂಪೋದಲ್ಲಿ ಬಂದ ದಿನ ಅದನ್ನು ಎಲ್ಲಿ ಇಡಬೇಕು ಎಂಬುದು ಜಗಳವಾಯಿತು. ಕೊಯ್ಯುವ ಕೋಣೆಗೆ ಗಿರಾಕಿಗಳು ಬರುತ್ತಾರೆ, ಅಲ್ಲಿ ಬೇಡವೆಂದ ಭಾರ್ಗವ. ಹಾಗಾದರೆ ಹಿತ್ತಲಲ್ಲಿಟ್ಟು ಮೇಲೆ ತಗಡು ಹೊದಿಸೋಣ, ಅಂಗಡಿಯವನೂ ಹೊರಗಿಡಲು ಹೇಳಿದ್ದಾನೆ ಎಂದಳು ಶರ್ವರಿ.

"ಹಿತ್ತಲದಾಗ ತುಳಸಿ ಅದ," ಎಂದರು ಯಮುನಾಬಾಯಿ. "ನನ್ನ ಮಡಿ ಸೀರಿ ಅಲ್ಲೇ ಒಣಗತಾವ. ಆ ಧೂಳಾ ಹೊದ್ದುಕೊಂಡು ನಾ ನೈವೇದ್ಯ ಮಾಡ್ಲೇನು?"

"ಹಂಗಾದ್ರ ಎಲ್ಲೆ ಇಡೂದ್ರೀ, ಅತ್ಯಾ?"

"ಹಿಂದಿನ ಕೋಣಿ ಇಲ್ಲೇನು? ಅಲ್ಲೆ ಹೆಂಗಿದ್ರೂ ಧೂಳಽ ಅದ."

ಶರ್ವರಿ ಗಂಡನ ಕಡೆ ನೋಡಿದಳು. ಅವನು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಗೋಡೆಗೆ ತೂತು ಹೊಡೆದು ಪೈಪು ತೂರಿಸಿದರು. ಈಚೆ ಕೊಯ್ಯುವ ಮಷಿನ್, ಆಚೆ ಸಣ್ಣ ಕೋಣೆಯಲ್ಲಿ ಶರ್ವರಿ ಕೂರುವ ಮಣೆಯ ಪಕ್ಕಕ್ಕೆ ಆ ಚೀಲ.

ಅಂದಿನಿಂದ ಮನೆ ಬದಲಾಯಿತು. ಕೊಯ್ಯುವ ಕೋಣೆಯ ನೆಲದಲ್ಲಿ ಚಕ್ಕೆ ಬೀಳುವುದು ನಿಂತಿತು. ತವ್ವೆಯಲ್ಲಿ ಧೂಳು ಬರಲಿಲ್ಲ. ಯಮುನಾಬಾಯಿ ದಿನಕ್ಕೆ ಮೂರು ಸಲ ಗುಡಿಸುವುದನ್ನು ಬಿಟ್ಟರು. ಬಂದವರಿಗೆಲ್ಲ ಮಗ ತಂದ ಮಷಿನ್ ತೋರಿಸಿದರು, ಪೈಪು ಗೋಡೆಯೊಳಗೆ ಹೋಗುವವರೆಗೆ ತೋರಿಸಿದರು. ಭಟ್ಟರ ಗಂಟಲು ತಿಳಿಯಾಯಿತು.

ಚಾಲೂ ಮಾಡಿದಾಗ ಸಣ್ಣ ಕೋಣೆಯಲ್ಲಿ ಚೀಲ ಉಬ್ಬುತ್ತಿತ್ತು. ಕಿಟಕಿಯ ಬೆಳಕಿನಲ್ಲಿ ಶರ್ವರಿಗೆ ಅದರ ಮೈಯೆಲ್ಲ ಉಸಿರಾಡುವುದು ಕಾಣುತ್ತಿತ್ತು. ಸಂಜೆ ಅವಳ ರೆಪ್ಪೆ, ತುಟಿ, ಮಂಗಳಸೂತ್ರದ ಕರಿಮಣಿ ಎಲ್ಲ ಒಂದೇ ಬಣ್ಣವಾಗಿರುತ್ತಿದ್ದವು. ಮಳೆಗಾಲ ಬಂದಾಗ ಯಮುನಾಬಾಯಿ ಕಿಟಕಿ ಮುಚ್ಚಿಸಿದರು. ಇರಚಲು ಹೊಡೆದರೆ ಹಲಗೆ ಉಬ್ಬುತ್ತದೆ. ಶರ್ವರಿಗೆ ಕೆಮ್ಮು ಹತ್ತಿದ್ದು ಆಗ. ಮೊದಮೊದಲು ಸಂಜೆ ಮಾತ್ರ ಬರುತ್ತಿತ್ತು, ಆಮೇಲೆ ಭಕ್ರಿ ಬಡಿಯುವಾಗಲೂ ಬರತೊಡಗಿತು. ಹಿಟ್ಟಿನ ಮೇಲೆ ಕೆಮ್ಮಬೇಡ ಎಂದು ಅತ್ತೆ ಅಂದ ಮೇಲೆ ಕೆಮ್ಮು ಬಂದಾಗಲೆಲ್ಲ ಎದ್ದು ಬಚ್ಚಲಿಗೆ ಹೋಗುತ್ತಿದ್ದಳು. ಭಕ್ರಿ ಹಂಚಿನ ಮೇಲೆ ಸೀಯುತ್ತಿತ್ತು. ಅದಕ್ಕೂ ಮಾತು ಬಂತು.

ಶ್ರಾವಣದ ಶುಕ್ರವಾರಕ್ಕೆ ಭಾರ್ಗವನ ಅಕ್ಕ ಸುಚೇತಾ ಬಂದಳು. ಅವಳನ್ನು ಬೈಲಹೊಂಗಲಕ್ಕೆ ಕೊಟ್ಟಿದ್ದರು. ಗಂಡನ ಔಷಧದ ಅಂಗಡಿಯಲ್ಲಿ ಅವಳೇ ಕೂರುತ್ತಿದ್ದಳು. ಅರಿಶಿಣ ಕುಂಕುಮಕ್ಕೆ ಬಂದ ಹೆಂಗಸರು ಆರತಿಯ ಹಾಡು ಹೇಳು ಎಂದು ಶರ್ವರಿಗೆ ದುಂಬಾಲು ಬಿದ್ದರು. ಓಣಿಯಲ್ಲಿ ಹಾಡಿಗೆ ಅವಳೇ ಹೆಸರು. ಶರ್ವರಿ ಎತ್ತಿಕೊಂಡಳು, ಎರಡನೆಯ ಸಾಲಿನ ನಡುವೆ ನಿಂತಳು, ಮತ್ತೆ ಎತ್ತಿಕೊಂಡಳು, ಮತ್ತೆ ನಿಂತಳು. ಯಮುನಾಬಾಯಿ ಉಳಿದದ್ದನ್ನು ತಾವೇ ಹೇಳಿ ಮುಗಿಸಿದರು. ಸುಚೇತಾ ಹಿಂದಿನ ಕೋಣೆಗೆ ಹೋಗಿ ನೋಡಿ ಬಂದಳು.

ಮರುದಿನ ತಮ್ಮನನ್ನು ಕೇಳದೆ ಶರ್ವರಿಯನ್ನು ಬೈಲಹೊಂಗಲಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಡಾಕ್ಟರು ಕೊಳವೆಯೊಂದನ್ನು ಕೊಟ್ಟು ಜೋರಾಗಿ ಊದಲು ಹೇಳಿದರು. ಊದಿದ್ದು ಸಾಲದೆಂದು ಮತ್ತೆ ಊದಿಸಿದರು. ಮರದ ಧೂಳಿನಿಂದ ಬಂದ ಉಬ್ಬಸವಿದು, ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಡುತ್ತೇನೆ, ಆದರೆ ಧೂಳು ಬಿಡದೆ ಔಷಧದಿಂದ ಉಪಯೋಗವಿಲ್ಲ ಎಂದರು. ಈಗಲೇ ಬಿಟ್ಟರೆ ತಿರುಗಿ ಸರಿಹೋಗಬಹುದು, ತಡ ಮಾಡಿದರೆ ಹಾಗೇ ಉಳಿದುಬಿಡುತ್ತದೆ ಎಂದೂ ಹೇಳಿದರು.

ಸುಚೇತಾ ಅವಳನ್ನು ಮುನವಳ್ಳಿಗೆ ತಂದು ಬಿಟ್ಟು, ಚಹಾ ಕುಡಿಯದೆ ತಮ್ಮನ ಮುಂದೆ ನಿಂತಳು.

"ಆ ಚೀಲಾ ಹೊರಗ ಇಡು. ಇಲ್ಲಾ ಫಿಲ್ಟರಿಂದು ತಗೊಂಡು ಬಾ."

"ತರತೇನಿ ಅಕ್ಕಾ. ದೀಪಾವಳಿ ತನಕ ಆರ್ಡರ್ ಅವ. ಅವು ಒಮ್ಮೆ ಕೈಬಿಟ್ಟು ಹೋಗಲಿ."

"ದೀಪಾವಳಿ ತನಕ ಆಕಿ ಏನು ಉಸಿರಾಡಬೇಕು?"

ಯಮುನಾಬಾಯಿ ಒಳಗಿನಿಂದ ಬಂದರು. "ನಾವು ಹಸೀ ಕಟ್ಟಿಗಿ ಹಾಕಿ ಒಲಿ ಊದಿ ಊದಿ ನಿಮ್ಮನ್ನ ಸಾಕೀವಿ. ನಮಗ ಯಾವ ಡಾಕ್ಟರ ಕೊಳವಿ ಊದಿಸಲಿಲ್ಲ. ಕೊಟ್ಟ ಮನಿ ನೋಡಿಕೋ ಸುಚೇತಾ. ಇಲ್ಲೆ ಬಂದು ಇವರನ್ನ ಎತ್ತಿಕಟ್ಟಬ್ಯಾಡ."

ಭಟ್ಟರು ಪಡಸಾಲೆಯಲ್ಲಿ ಪಂಚಾಂಗ ನೋಡುತ್ತಿದ್ದರು. ಸುಚೇತಾ ಅವರನ್ನು ಕೇಳಿದಳು. ಅವರು, ಈಗ ತಾನೇ ಒಂದು ಮಷಿನ್ ಆಗಿದೆ, ವರ್ಷದೊಳಗೆ ಇನ್ನೊಂದು ಎಂದರೆ ಹೇಗೆ, ಮುಖಕ್ಕೆ ಏನಾದರೂ ಕಟ್ಟಿಕೊಂಡು ಕೂರಲಿ ಎಂದರು. ಭಾರ್ಗವ ಮರುದಿನ ಪೇಟೆಯಿಂದ ಮಾಸ್ಕುಗಳ ಪೊಟ್ಟಣ ತಂದ. ಕೊರೊನಾದಲ್ಲಿ ಎಲ್ಲರೂ ಹಾಕಿಕೊಳ್ಳುತ್ತಿದ್ದ ತೆಳ್ಳಗಿನ ನೀಲಿ ಮಾಸ್ಕುಗಳು.

ಶರ್ವರಿ ಅದನ್ನೇ ಕಟ್ಟಿಕೊಂಡು ಭಾದ್ರಪದ ಕಳೆದಳು. ಬೆಳಿಗ್ಗೆ ಪಂಪು ಹೊಡೆದುಕೊಂಡು ಹೋಗಿ ಕೂರುತ್ತಿದ್ದಳು. ನೀರಿನ ಕೊಡ ತರುವಾಗ ಅಂಗಳದಲ್ಲಿ ಒಮ್ಮೆ ಇಳಿಸುತ್ತಿದ್ದಳು, ಬಾಗಿಲಲ್ಲಿ ಒಮ್ಮೆ ಇಳಿಸುತ್ತಿದ್ದಳು. ರಾತ್ರಿ ಮಲಗಿದರೆ ಉಸಿರು ಹಿಡಿಯುತ್ತದೆಂದು ಗೋಡೆಗೆ ಒರಗಿ ಕೂತಿರುತ್ತಿದ್ದಳು. ಭಾರ್ಗವ ನಿದ್ದೆಗೆಟ್ಟರೆ ಬೆಳಗಿನ ಕೆಲಸ ಕೆಡುತ್ತದೆಂದು ಪಡಸಾಲೆಯಲ್ಲಿ ಹಾಸಿಕೊಂಡ.

ದಸರೆಯ ಖಂಡೇಪೂಜೆಯ ದಿನ ಮಷಿನುಗಳಿಗೆಲ್ಲ ಚೆಂಡುಹೂವಿನ ಮಾಲೆ ಹಾಕಿದರು. ಚೀಲಕ್ಕೂ ಕುಂಕುಮ ಹಚ್ಚಿದರು. ಮಾರನೆಯ ದಿನ ಬನ್ನಿ ಕೊಟ್ಟು ಹಿರಿಯರಿಗೆಲ್ಲ ಶರ್ವರಿ ನಮಸ್ಕಾರ ಮಾಡಿದಳು. ಅದರ ಮರುದಿನ ಅಡಿಗೆ ಮುಗಿಸಿ ಅಡಿಗೆಮನೆಯಲ್ಲೇ ಕೂತಳು. ಭಾರ್ಗವ ಬಂದು ಸವದತ್ತಿಯ ಮಂಟಪದ ಕಂಬಗಳು ಕಾಯುತ್ತಿವೆ ಎಂದ.

"ನಾ ಇನ್ನ ಆ ಕೋಣಿಗೆ ಬರೂದಿಲ್ಲ."

"ಯಾಕ, ಮಾಸ್ಕ್ ಮುಗದಾವೇನು?"

"ಬರೂದಿಲ್ಲ ಅಂದ್ನೆಲ್ಲ."

"ಈ ಮಂಟಪ ಅಪ್ಪ ಹೋಮಾ ಮಾಡಸೋ ಯಜಮಾನರದು. ಗೃಹಪ್ರವೇಶದ ತಾರೀಖು ಆಗೇದ."

"ನೀವಽ ಕೂಡ್ರಿ. ಕೈ ಅವ ಅಲ್ಲ ನಿಮಗೂ."

ಯಮುನಾಬಾಯಿ ಹೊಸ್ತಿಲಲ್ಲಿ ನಿಂತಿದ್ದರು. ಗಂಡನಿಗೆ ಹೀಗೆ ಎದುರು ಮಾತಾಡುವುದನ್ನು ಈ ಮನೆಯಲ್ಲಿ ಇಲ್ಲಿಯವರೆಗೆ ಕೇಳಿಲ್ಲ ಎಂದರು. ಶರ್ವರಿ ಮಜ್ಜಿಗೆ ಕಡೆಯಲು ಕೂತಳು. ಅವರು ಅವಳ ತವರಿನವರನ್ನು ಎತ್ತಿ ಆಡಿದರು, ಅವಳು ಕಡೆಯುತ್ತಲೇ ಇದ್ದಳು. ಅಂದಿನಿಂದ ಆ ಮನೆಯಲ್ಲಿ ಬಡಿಸುವಾಗಿನ ಮಾತು ಬಿಟ್ಟು ಬೇರೆ ಮಾತು ನಿಂತಿತು. ಭಟ್ಟರು ಉಪ್ಪು ಬೇಕಾದರೆ ಹೆಂಡತಿಗೆ ಹೇಳುತ್ತಿದ್ದರು. ಹೆಂಡತಿ ಸೊಸೆಗೆ ಕೇಳಿಸುವ ಹಾಗೆ ಗೋಡೆಗೆ ಹೇಳುತ್ತಿದ್ದರು.

ಸಣ್ಣ ಕೋಣೆಯಲ್ಲಿ ಭಾರ್ಗವನೇ ಕೂತ. ಹೊತ್ತಿಗೆ ಮುಗಿಸಬೇಕೆಂದು ಬೆಳಿಗ್ಗೆಯಿಂದ ದೀಪ ಹಚ್ಚುವ ತನಕ ಉಜ್ಜಿದ. ತನ್ನ ಕೈಯಲ್ಲಿ ಆ ನುಣುಪು ಬರುವುದಿಲ್ಲವೆಂದು ಅವನಿಗೆ ಮೊದಲ ಕಂಬಕ್ಕೇ ತಿಳಿಯಿತು. ಅದನ್ನು ಯಾರ ಮುಂದೆಯೂ ಹೇಳಲಿಲ್ಲ. ವಾರ ಕಳೆಯುವುದರೊಳಗೆ ಕೆಮ್ಮು ಹತ್ತಿತು. ಮೊದಲ ದಿನವೇ ಯಮುನಾಬಾಯಿ ಶುಂಠಿ, ಮೆಣಸು, ಜ್ಯೇಷ್ಠಮಧು ಕುಟ್ಟಿಕೊಟ್ಟು ಕಷಾಯ ಕಾಸಲು ಸೊಸೆಗೆ ಹೇಳಿದರು. ಶರ್ವರಿ ಕಾಸಿ ಕೊಟ್ಟಳು. ಹೊತ್ತುಹೊತ್ತಿಗೆ ಕಾಸಿ ಕೊಟ್ಟಳು. ಮೂರನೆಯ ದಿನ ಅವನು ಊಟ ಮಾಡುತ್ತ ಕೆಮ್ಮಿ, ಕಣ್ಣಲ್ಲಿ ನೀರು ಬಂದು, ತಾಟು ಸರಿಸಿದ. ಯಮುನಾಬಾಯಿ ಅವನ ಬೆನ್ನು ನೀವುತ್ತ ಗಂಡನ ಕಡೆ ನೋಡಿದರು.

"ಹಿಂಗ ನೋಡಿಕೋತ ಕೂಡೂದೇನ್ರಿ? ಇರೋನು ಒಬ್ಬ ಮಗ."

ಭಟ್ಟರು ಕೈ ತೊಳೆದು ಒಳಗೆ ಹೋದರು. ಕಪಾಟು ತೆರೆದ ಸಪ್ಪಳವಾಯಿತು. ದಕ್ಷಿಣೆಯ ಹಣ ಅವರು ಅಲ್ಲಿಯೇ ಇಡುತ್ತಿದ್ದರು. ಒಂದು ಕಟ್ಟು ತಂದು ಮಗನ ಮುಂದಿಟ್ಟು, ನಾಳೆಯೇ ಹುಬ್ಬಳ್ಳಿಗೆ ಹೋಗಿ ಆ ದೊಡ್ಡದನ್ನು ತೆಗೆದುಕೊಂಡು ಬಾ ಎಂದರು. ಜೀವಕ್ಕಿಂತ ಹೆಚ್ಚಿನದು ಯಾವುದಿದೆ ಎಂದೂ ಅಂದರು. ಶರ್ವರಿ ಮಜ್ಜಿಗೆಯ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು. ಯಾರಿಗೆ ಬಡಿಸಬೇಕೆಂದು ಕೇಳಿದಳು. ಎಲ್ಲರೂ ಬೇಡವೆಂದರು.

ಫಿಲ್ಟರಿನ ಮಷಿನ್ ಬಂತು. ಅಂಗಡಿಯ ಹುಡುಗರಿಬ್ಬರು ಬಂದು ಜೋಡಿಸಿದರು. ಈ ಸಲ ಉಜ್ಜುವ ಮಣೆಗೂ ಒಂದು ಸಣ್ಣ ಪೈಪು ಎಳೆದರು. ಕಿಟಕಿ ತೆಗೆಸಿ, ಹಳೆಯ ಚೀಲ ಬಿಚ್ಚಿ ಹೊರಗೆ ಹಾಕಿ, ಗೋಡೆ ಒರೆಸಿ, ಸುಣ್ಣ ಹೊಡೆಸಿದರು. ಯಮುನಾಬಾಯಿ ಮಷಿನ್ನಿಗೆ ಕಾಯಿ ಒಡೆದರು. ಭಾರ್ಗವನ ಕೆಮ್ಮು ಆ ವಾರವೇ ಇಳಿಯಿತು. ಸವದತ್ತಿಯ ಮಂಟಪ ಹೋಯಿತು. ಆ ಯಜಮಾನರು ಭಟ್ಟರ ಮೋರೆ ನೋಡಿ ಏನೂ ಅನ್ನಲಿಲ್ಲ. ಅದೇ ಗೃಹಪ್ರವೇಶದಲ್ಲಿ ಅದನ್ನು ಸವರಿ ನೋಡಿದ ಅವರ ಅಳಿಯ ಮಾತ್ರ ತಾನು ಹೇಳಿದ್ದ ಮಂಟಪ ಸದ್ಯಕ್ಕೆ ಬೇಡವೆಂದ.

ಆ ದಿನ ರಾತ್ರಿ ಊಟಕ್ಕೆ ಕೂತಾಗ ಭಟ್ಟರು ಸೊಸೆಯ ಜೊತೆ ನೇರ ಮಾತಾಡಿದರು. "ಈಗ ಆ ಕೋಣ್ಯಾಗ ಒಂದು ಕಣಾ ಧೂಳಿಲ್ಲ, ಶರ್ವರಿ. ಇನ್ನೇನು ಅಡ್ಡಿ ಅದ?"

ಅವಳು ನಾಳೆ ಹೇಳುತ್ತೇನೆ ಎಂದಳು. ಸುಚೇತಾಳಿಗೆ ಫೋನು ಮಾಡಿದಾಗ, ಹೋಗಬೇಡ, ಡಾಕ್ಟರು ಏನು ಹೇಳಿದ್ದಾರೆ ನೆನಪಿದೆಯೋ ಇಲ್ಲವೋ ಎಂದು ಅವಳು ಬೈದಳು. ಶರ್ವರಿ ಹೂಂ ಹೂಂ ಎಂದು ಕೇಳಿದಳು. ಆದರೆ ಅವಳಿಗೆ ಹೋಗುವ ಆಸೆಯೇ ಇತ್ತು. ಭಾರ್ಗವ ಉಜ್ಜಿದ ಕಂಬಗಳನ್ನು ಗಾಡಿಗೆ ಏರಿಸುವಾಗ ಅವಳು ಮುಟ್ಟಿ ನೋಡಿದ್ದಳು. ಸಂದಿಗಳಲ್ಲಿ ಒರಟು ಹಾಗೇ ಇತ್ತು. ತನ್ನ ಕೆಲಸ ಕೆಟ್ಟಿತೆಂದು ಅವಳಿಗೆ ಅನ್ನಿಸಿತ್ತು. ಕೋಣೆಯ ಮೇಲೆ ಇದ್ದ ಸಿಟ್ಟಿಗಿಂತ ಅದು ಹೆಚ್ಚಾಗಿತ್ತು.

ಬೆಳಿಗ್ಗೆ ಅಡಿಗೆ ಮುಗಿಸಿ, ಪಂಪು ಹೊಡೆದುಕೊಂಡು, ಸೆರಗು ಸಿಕ್ಕಿಸಿ ಹೋದಳು. ಕೋಣೆ ಬೆಳ್ಳಗಿತ್ತು. ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಏನೂ ತೇಲುತ್ತಿರಲಿಲ್ಲ. ಭಾರ್ಗವ ಹಿಂದೆಯೇ ಬಂದು ಹೊಸ ಹಲಗೆ ಇಟ್ಟ, ಕಾಗದಗಳನ್ನು ಅವಳಿಗೆ ಬೇಕಾದ ಕ್ರಮದಲ್ಲೇ ಜೋಡಿಸಿಟ್ಟ, ಸಣ್ಣ ಪೈಪನ್ನು ಅವಳ ಕೈಯ ಹತ್ತಿರ ತಿರುಗಿಸಿ ಮಷಿನ್ ಚಾಲೂ ಮಾಡಿದ. ಅವಳು ಉಜ್ಜತೊಡಗಿದಳು. ಎದ್ದ ಧೂಳೆಲ್ಲ ಪೈಪಿನೊಳಗೆ ಹೋಯಿತು, ಅವಳು ನೋಡಿ ಸಣ್ಣಗೆ ನಕ್ಕಳು ಕೂಡ. ಹಲಗೆಯ ಕಾಲುಭಾಗವೂ ಆಗಿರಲಿಲ್ಲ, ಕೈ ನಿಂತಿತು. ಮತ್ತೆ ಉಜ್ಜಿದಳು, ಮತ್ತೆ ನಿಂತಿತು. ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದಳು.

ಭಾರ್ಗವ ಮಷಿನ್ ಬಂದ್ ಮಾಡಿದ.

ಸಪ್ಪಳ ನಿಂತ ಮೇಲೆ ಅವಳ ಉಸಿರು ಕೇಳಿಸಿತು. ಒಳಗೆ ಎಳೆದುಕೊಳ್ಳುವಾಗ ಒಂದು ಸಿಳ್ಳೆ, ಬಿಡುವಾಗ ಒಂದು. ಇಷ್ಟು ತಿಂಗಳು ಮಷಿನ್ನಿನ ಸದ್ದಿನಲ್ಲಿ, ಆಮೇಲೆ ಪಡಸಾಲೆಯಲ್ಲಿ ಮಲಗಿ, ಅವನು ಅದನ್ನು ಕೇಳಿರಲಿಲ್ಲ. ಪಂಪು ಎಲ್ಲಿದೆ ಎಂದು ಕೇಳಿದ. ಹೊಡೆದುಕೊಂಡೇ ಬಂದಿದ್ದೇನೆ ಎಂದು ಅವಳು ಕೈಯಿಂದ ತೋರಿಸಿದಳು. ಅವನು ಅವಳ ಎದುರಿಗೆ ನೆಲದ ಮೇಲೆ ಕೂತ. ಅವಳ ಕೈಯಲ್ಲಿದ್ದ ಕಾಗದ ಬಿಡಿಸಿಕೊಂಡ. ಏನಾದರೂ ಹೇಳಬೇಕೆಂದು ಬಾಯಿ ತೆರೆದ.

ಅಷ್ಟರಲ್ಲಿ ಯಮುನಾಬಾಯಿ ಒಳಗಿನಿಂದ ಕೂಗಿ ಕೇಳಿದರು. "ಭಾರ್ಗವಾ, ಕೂತಾಳೇನೋ ಆಕಿ ಕೆಲಸಕ್ಕ?"

ಶರ್ವರಿ ತಲೆಯೆತ್ತಿ ಗಂಡನ ಮುಖ ನೋಡಿದಳು.

"ಹೂಂ, ಕೂತಾಳವ್ವಾ," ಎಂದ ಭಾರ್ಗವ. ಮತ್ತೆ ಮಷಿನ್ ಚಾಲೂ ಮಾಡಿ, ಹಲಗೆಯನ್ನು ತನ್ನ ಕಡೆ ಎಳೆದುಕೊಂಡು, ಉಜ್ಜತೊಡಗಿದ.